ಹಾಯಿದೋಣಿ ಸಾಗುವಷ್ಟು ನೀರು

ಇಂಗ್ಲೆಂಡಿನ ಪೂರ್ವ ಅಂಚಿನ ನಾರ್ಫೋಕ್ ಸೀಮೆಯಲ್ಲಿ ಪಾಟರ್ ಹೈಯಮ್ ಎಂಬ ಊರಿದೆ. ಊರಿಗಿಂತ ಅಲ್ಲಿನ ಸೇತುವೆಯೇ ಪ್ರಸಿದ್ಧ. ಮಧ್ಯಯುಗದಲ್ಲಿ ಕಟ್ಟಿದ ಕಲ್ಲಿನ ಸೇತುವೆ ಅದು. ನಡುಗಮಾನಿನ ನೆತ್ತಿ ನೀರಿನಿಂದ ಸುಮಾರು ಎರಡು ಮೀಟರ್ ಮೇಲಿದೆ, ಅಷ್ಟೆ. ಥರ್ನ್ ನದಿಯಲ್ಲಿ ಬರುವ ಹಾಯಿದೋಣಿ ಸೇತುವೆಗೆ ಸ್ವಲ್ಪ ಮೊದಲೇ ದಡ ಹಿಡಿಯಬೇಕು. ಹಾಯಿ ಇಳಿಸಬೇಕು, ಕೂವೆಮರವನ್ನು ಬುಡದಿಂದಲೇ ಹಿಂದಕ್ಕೆ ಮಲಗಿಸಬೇಕು. ಆಮೇಲೆ ಉದ್ದನೆಯ ಗಳವನ್ನು ನದಿಯ ತಳಕ್ಕೆ ಊರಿ ದೂಡುತ್ತಾ, ತಲೆ ತಗ್ಗಿಸಿ ಗಮಾನಿನಡಿ ನುಸುಳಿ, ಆಚೆ ದಡದಲ್ಲಿ ಮತ್ತೆ ಕೂವೆ ನಿಲ್ಲಿಸಿ ಹಾಯಿ ಏರಿಸಬೇಕು. ಇಷ್ಟು ಕಷ್ಟಪಟ್ಟವರಿಗೆ ಮುಂದೆ ಸಿಗುವುದು ಹಿಕ್ಲಿಂಗ್ ಬ್ರಾಡ್: ಆ ಸೀಮೆಯಲ್ಲೇ ಅತಿ ದೊಡ್ಡ ಕೆರೆ, ಸುತ್ತ ಕಣ್ಣು ಹಾಯುವಷ್ಟು ಜೊಂಡು.

ಈ ಸೀಮೆಗೆ ಬ್ರಾಡ್ಸ್ ಎಂದೇ ಹೆಸರು. ಬ್ಯೂರ್, ಯೇರ್, ವೇವ್ನಿ ಎಂಬ ಮೂರು ನದಿಗಳು. ಅವನ್ನು ಸೇರುವ ಆಂಟ್, ಥರ್ನ್, ಚೆಟ್. ಈ ನದಿಗಳಿಗೆ ಅಂಟಿಕೊಂಡ ಅರವತ್ತಕ್ಕೂ ಹೆಚ್ಚು ಆಳವಿಲ್ಲದ ಕೆರೆಗಳು. ನಡುವೆ ಜವುಗು, ಜೊಂಡು, ದನ ಮೇಯುವ ತೇವದ ಬಯಲು. ದೋಣಿ ಓಡಾಡಬಲ್ಲ ನೀರು ಸುಮಾರು 200 ಕಿಲೋಮೀಟರ್ ಉದ್ದವಿದೆ. ಯಂತ್ರವಿಲ್ಲದ ಪುಟ್ಟ ಹಾಯಿದೋಣಿಯೊಂದು ವಾರಗಟ್ಟಲೆ ಇದರಲ್ಲಿ ಅಲೆಯಬಹುದು. ಇಂದಿಗೂ ನೂರಾರು ದೋಣಿಗಳು ಹಾಗೆ ಅಲೆಯುತ್ತವೆ.

ನಮ್ಮ ಅಳಿವೆಗಳಲ್ಲಿ ಜೆಟ್ಟಿ, ಕ್ರೂಸ್, ಹೌಸ್‌ಬೋಟುಗಳ ಮಾತು ಜೋರಾಗುತ್ತಿರುವ ಈ ಹೊತ್ತಿನಲ್ಲಿ ಬ್ರಾಡ್ಸ್ ಸೀಮೆಯ ಕಥೆಯನ್ನು ಗಮನವಿಟ್ಟು ಓದಬೇಕಾಗಿದೆ. ಒಳನಾಡಿನ ನೀರಿಗೆ ಯೋಜನೆ ರೂಪಿಸುವವರು ತಮ್ಮ ಮುಂದೆ ದೊಡ್ಡ ಮೋಟಾರು ದೋಣಿಯ ನಕ್ಷೆಯನ್ನು ಇಟ್ಟುಕೊಳ್ಳುವುದೇ ರೂಢಿ. ಅದರ ಬದಲು ಗಾಳಿಯನ್ನು ನಂಬಿದ ಪುಟ್ಟ ದೋಣಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಅಂಥ ದೋಣಿ ಸಾಗುವುದಕ್ಕೆ ಹೂಳು ತುಂಬದ ತಳ ಬೇಕು, ಗಾಳಿಗೆ ಅಡ್ಡವಾಗದ ದಡ ಬೇಕು, ಅಬ್ಬರದ ಅಲೆ ಎಬ್ಬಿಸದ ನೆರೆಹೊರೆ ಬೇಕು, ಯಾರ ಅಪ್ಪಣೆಯೂ ಇಲ್ಲದೆ ಹೋಗಿಬರುವ ಹಕ್ಕು ಬೇಕು. ಈ ನಾಲ್ಕೂ ಇರುವ ನೀರಿನಲ್ಲಿ ಮೀನು, ಹಕ್ಕಿ, ಮೀನುಗಾರ ಮೂವರೂ ಬದುಕುತ್ತಾರೆ. ಬ್ರಾಡ್ಸ್ ಜನ ಇದನ್ನು ಕಲಿತದ್ದು ಅರ್ಧ ಶತಮಾನ ತಮ್ಮ ನೀರನ್ನು ಹಾಳುಮಾಡಿಕೊಂಡ ಮೇಲೆ.

ಅಲ್ಲಿನ ಪ್ರಯಾಣ ಹೇಗಿರುತ್ತದೆಂದು ಮೊದಲು ನೋಡೋಣ. ಲಡಮ್ ಎಂಬ ಹಳ್ಳಿಯ ಪಕ್ಕ ವೊಮ್ಯಾಕ್ ವಾಟರ್ ಎಂಬ ಕಿರುಗಾಲುವೆಯ ದಡದಲ್ಲಿ ಹಂಟರ್ಸ್ ಯಾರ್ಡ್ ಎನ್ನುವ ದೋಣಿಕಟ್ಟೆ ಇದೆ. ಪರ್ಸಿ ಹಂಟರ್ 1932ರಲ್ಲಿ ಶುರುಮಾಡಿದ್ದು. ಮರದ ಹಾಯಿದೋಣಿಗಳನ್ನು ಕಟ್ಟಿ ಬಾಡಿಗೆಗೆ ಕೊಡುವುದು ಅವರ ಕಸುಬು. ಆ ದೋಣಿಗಳಿಗೆ ಎಂಜಿನ್ ಇರಲಿಲ್ಲ, ಇವತ್ತಿಗೂ ಇಲ್ಲ. ಮುಂದೆ ಈ ದೋಣಿಗಳು ನಾರ್ಫೋಕ್ ಕೌಂಟಿ ಕೌನ್ಸಿಲ್ಲಿನ ವಶಕ್ಕೆ ಬಂದವು. ಶಾಲೆಯ ಮಕ್ಕಳಿಗೆ ಹಾಯಿ ಕಲಿಸಲು ಬಳಕೆಯಾದವು. 1990ರ ದಶಕದಲ್ಲಿ ಕೌನ್ಸಿಲ್ ಅವನ್ನು ಮಾರಲು ಹೊರಟಾಗ ಊರಿನವರು, ಹಾಯಿಪ್ರಿಯರು ಹಣ ಕೂಡಿಸಿ ಟ್ರಸ್ಟ್ ಕಟ್ಟಿ ಉಳಿಸಿಕೊಂಡರು. ಎಂಬತ್ತು ವರ್ಷ ದಾಟಿದ ಮಹಾಗನಿ ಮರದ ದೋಣಿ ಇನ್ನೂ ಬಾಡಿಗೆಗೆ ಹೋಗುತ್ತದೆ, ಸಂಜೆಗೆ ಯಾವುದೋ ಜೊಂಡಿನ ದಡದಲ್ಲಿ ಲಂಗರು ಹಾಕುತ್ತದೆ.

ಕಿರಿದಾದ ನದಿಯಲ್ಲಿ ಎದುರುಗಾಳಿ ಬಂದರೆ ದೋಣಿ ನೇರ ಹೋಗಲಾರದು. ಒಂದು ದಡದಿಂದ ಇನ್ನೊಂದು ದಡಕ್ಕೆ ಅಂಕುಡೊಂಕಾಗಿ ಹಾಯಬೇಕು. ನದಿಯ ಅಗಲವೇ ಇಪ್ಪತ್ತು ಮೂವತ್ತು ಮೀಟರ್ ಇರುವಲ್ಲಿ ಅರ್ಧ ನಿಮಿಷಕ್ಕೊಮ್ಮೆ ಚುಕ್ಕಾಣಿ ತಿರುಗಿಸಿ ಹಾಯಿಯನ್ನು ಮಗ್ಗುಲು ಬದಲಿಸುತ್ತಿರಬೇಕು. ದಡದಲ್ಲಿ ಮರ ದಟ್ಟವಾಗಿದ್ದರೆ ಕೆಳಗೆ ಗಾಳಿ ಸತ್ತುಹೋಗುತ್ತದೆ. ಅದಕ್ಕೇ ಅಲ್ಲಿನ ದೋಣಿಗಳ ಹಾಯಿ ಮೈಗೆ ಮೀರಿ ಎತ್ತರ, ಮರದ ತಲೆಯ ಮೇಲಿನ ಗಾಳಿಯನ್ನು ಹಿಡಿಯುವ ಹಾಗೆ. ಗಾಳಿ ಪೂರ್ತಿ ನಿಂತರೆ ಗಳವೇ ಗತಿ.

ನದಿಗಳು ಕೊನೆಗೆ ಸೇರುವುದು ಗ್ರೇಟ್ ಯಾರ್ಮತ್ ಎಂಬ ಬಂದರಿನ ಹತ್ತಿರ. ಉತ್ತರದ ನದಿಗಳಿಂದ ದಕ್ಷಿಣದ ನದಿಗಳಿಗೆ ಹೋಗಬೇಕೆನ್ನುವವರು ಈ ಬಂದರಿನ ತಗ್ಗಾದ ಸೇತುವೆಗಳನ್ನು ಕೂವೆ ಮಲಗಿಸಿ ದಾಟಿ, ಬ್ರೇಡನ್ ವಾಟರ್ ಎಂಬ ವಿಶಾಲವಾದ ಅಳಿವೆಯನ್ನು ಹಾಯಬೇಕು. ಅಲ್ಲಿ ಸಮುದ್ರದ ಇಳಿತಕ್ಕೆ ನೀರು ಹರಿಯುವ ಸೆಳವು ಜೋರು. ಇಳಿತ ಮುಗಿದು ಭರತ ಶುರುವಾಗುವ ನಡುವಿನ ಸ್ವಲ್ಪ ಹೊತ್ತು ನೀರು ನಿಂತಂತಿರುತ್ತದೆ. ಆ ಗಳಿಗೆಯನ್ನು ಲೆಕ್ಕಹಾಕಿ ಹೊರಡದವನನ್ನು ಪ್ರವಾಹ ಸೇತುವೆಯ ಕಂಬಕ್ಕೆ ಒಯ್ದು ಬಡಿಯುತ್ತದೆ. ನಮ್ಮ ಕರಾವಳಿಯ ಯಾವ ಅಂಬಿಗನಿಗೂ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

1961ರಿಂದ ಹಾರ್ನಿಂಗ್ ಎಂಬ ಊರಿನ ಹಾಯಿ ಸಂಘ ನಡೆಸುತ್ತಿರುವ ತ್ರೀ ರಿವರ್ಸ್ ರೇಸ್ ಈ ಜ್ಞಾನದ ಪರೀಕ್ಷೆಯೇ ಆಗಿದೆ. ಬ್ಯೂರ್, ಆಂಟ್, ಥರ್ನ್ ನದಿಗಳಲ್ಲಿ ಗುರುತು ಹಾಕಿದ ತಾಣಗಳನ್ನೆಲ್ಲ ಮುಟ್ಟಿ ಬರಲು 24 ಗಂಟೆ. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಎಂಬುದನ್ನು ದೋಣಿಯವರೇ ತೀರ್ಮಾನಿಸಬೇಕು. ಇಳಿತ ಯಾವಾಗ, ರಾತ್ರಿ ಗಾಳಿ ಎಲ್ಲಿ ಬೀಳುತ್ತದೆ, ಪಾಟರ್ ಹೈಯಮ್ ಸೇತುವೆಯಡಿ ಎಷ್ಟು ಜಾಗ ಉಳಿದಿರುತ್ತದೆ ಎನ್ನುವುದು ಗೊತ್ತಿದ್ದವರು ಮುಂದೆ ಹೋಗುತ್ತಾರೆ.

ಈ ಜಾಣ್ಮೆ ಆಟಕ್ಕೆಂದು ಹುಟ್ಟಿದ್ದಲ್ಲ. ರೈಲು, ಲಾರಿ ಬರುವ ಮೊದಲು ಈ ಸೀಮೆಯ ಧಾನ್ಯ, ಕಲ್ಲಿದ್ದಲು, ಇಟ್ಟಿಗೆ, ಜೊಂಡು ಎಲ್ಲವೂ ವೆರಿ ಎಂಬ ಸರಕು ಹಾಯಿದೋಣಿಯ ಮೇಲೆ ಹೋಗುತ್ತಿತ್ತು. ಒಂದೇ ದೊಡ್ಡ ಹಾಯಿ, ಟಾರು ಮತ್ತು ಮೀನೆಣ್ಣೆ ಬಳಿದು ಕಪ್ಪಾದದ್ದು. ನಲವತ್ತು ಟನ್ ಸರಕಿದ್ದರೂ ಇಬ್ಬರೇ ನಡೆಸುತ್ತಿದ್ದರು. ಅದು ಸಾಧ್ಯವಾದದ್ದು ಕೂವೆಮರದ ಬುಡಕ್ಕೆ ಕಟ್ಟಿದ ಸೀಸದ ಭಾರದಿಂದ. ಮೇಲಿನ ಉದ್ದಕ್ಕೂ ಕೆಳಗಿನ ತೂಕಕ್ಕೂ ಸರಿಸಮ ಬರುವಂತೆ ಮಾಡಿದ್ದರಿಂದ ಅಷ್ಟು ದೊಡ್ಡ ಕೂವೆಯನ್ನು ಒಬ್ಬನೇ ಮಲಗಿಸಿ ಎಬ್ಬಿಸಬಹುದಿತ್ತು. ಪಳಗಿದವರು ದೋಣಿ ನಿಲ್ಲಿಸದೆಯೇ ಸೇತುವೆ ದಾಟಿಸುತ್ತಿದ್ದರು. ನೂರಾರು ವೆರಿಗಳಿದ್ದ ಕಾಲ ಹೋಗಿ, ಇಂದು ಸರಕಿನ ವೆರಿ ಉಳಿದಿರುವುದು ಎರಡೇ: 1898ರ ಆಲ್ಬಿಯನ್, 1899ರ ಮಾಡ್. ಆಲ್ಬಿಯನ್‌ಗಾಗಿ 1949ರಲ್ಲೇ ಟ್ರಸ್ಟ್ ಹುಟ್ಟಿತು. ಯುದ್ಧ ಮುಗಿದು ನಾಲ್ಕೇ ವರ್ಷ, ಪಡಿತರ ಇನ್ನೂ ಜಾರಿಯಲ್ಲಿದ್ದ ಕಾಲದಲ್ಲಿ ಜನ ಒಂದು ಹಳೆಯ ದೋಣಿಗೆ ಹಣ ಕೊಟ್ಟರು ಎನ್ನುವುದನ್ನು ಮರೆಯಬಾರದು.

ಸರಕಿನ ಕೆಲಸ ಕಡಿಮೆಯಾದಂತೆ ವೆರಿಗಳು ವಿಹಾರದ ದೋಣಿಗಳಾದವು. ಅವುಗಳಲ್ಲಿ 1905ರ ಹಾತೋರ್ ಕಥೆ ವಿಶೇಷ. ಸಾಸಿವೆ ವ್ಯಾಪಾರದಿಂದ ಹೆಸರಾದ ಕೋಲ್ಮನ್ ಮನೆತನದ ಅಕ್ಕತಂಗಿಯರು ಎಥೆಲ್ ಮತ್ತು ಹೆಲೆನ್ ಅದನ್ನು ಕಟ್ಟಿಸಿದರು. ಅವರ ತಮ್ಮ ಆಲನ್ 1897ರಲ್ಲಿ ಆರೋಗ್ಯ ಸುಧಾರಿಸಲೆಂದು ಈಜಿಪ್ಟಿಗೆ ಹೋಗಿ ಅಲ್ಲೇ ತೀರಿಕೊಂಡಿದ್ದ. ನೈಲ್ ನದಿಯಲ್ಲಿ ಅವನು ಪಯಣಿಸಿದ ದೋಣಿಯ ಹೆಸರನ್ನೇ ಇದಕ್ಕಿಟ್ಟರು. ಒಳಗಿನ ಮರದ ಹಲಗೆಗಳಿಗೆ ಈಜಿಪ್ಟಿನ ದೇವತೆಗಳ, ಪ್ರಾಣಿಗಳ ಕುಸುರಿ ಮಾಡಿಸಿದರು. ಇದೇ ಎಥೆಲ್ 1923ರಲ್ಲಿ ನಾರಿಚ್ ನಗರದ ಲಾರ್ಡ್ ಮೇಯರ್ ಆದರು. ಬ್ರಿಟನ್ನಿನಲ್ಲಿ ಆ ಹುದ್ದೆಗೇರಿದ ಮೊದಲ ಹೆಣ್ಣುಮಗಳು ಅವರು.

ಈ ಕೆರೆಗಳೆಲ್ಲ ಪ್ರಕೃತಿ ಕೊಟ್ಟವು, ಹಳೆಯ ಅಳಿವೆಯೊಂದರ ಉಳಿಕೆಗಳು ಎಂದೇ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಎಲ್ಲರೂ ತಿಳಿದಿದ್ದರು. ಅದನ್ನು ತಲೆಕೆಳಗು ಮಾಡಿದವರು ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ. 1950ರ ದಶಕದಲ್ಲಿ ಅವರು ಕೆರೆಗಳ ಅಂಚಿನುದ್ದಕ್ಕೂ ಹತ್ತಿರ ಹತ್ತಿರ ಕೊಳವೆ ಇಳಿಸಿ ಮಣ್ಣಿನ ಪದರಗಳನ್ನು ತೆಗೆದು ನೋಡಿದರು. ನೀರಿನಡಿಯ ದಡ ಇಳಿಜಾರಾಗಿರಲಿಲ್ಲ, ಗೋಡೆಯಂತೆ ನೆಟ್ಟಗಿತ್ತು, ತಳ ಸಮತಟ್ಟಾಗಿತ್ತು. ಮನುಷ್ಯ ಅಗೆದಾಗ ಮಾತ್ರ ಹಾಗಿರುತ್ತದೆ. ಇತಿಹಾಸಕಾರರು ಹಳೆಯ ಮಠಗಳ, ಜಮೀನುದಾರರ ಲೆಕ್ಕಪತ್ರ ತೆರೆದು ನೋಡಿದಾಗ ಸಾಕ್ಷಿ ಸಿಕ್ಕಿತು. ಕಾಡು ಕಡಿಮೆಯಿದ್ದ, ಜನ ಹೆಚ್ಚಿದ್ದ ಆ ಸೀಮೆಯಲ್ಲಿ ಉರುವಲಿಗೆಂದು ಪೀಟ್, ಅಂದರೆ ಸಾವಿರಾರು ವರ್ಷ ಕೊಳೆತ ಗಿಡಗಂಟಿಗಳ ಕಪ್ಪು ಮಣ್ಣನ್ನು, ಮಧ್ಯಯುಗದುದ್ದಕ್ಕೂ ಅಗೆದಿದ್ದರು. ಸಮುದ್ರಮಟ್ಟ ಏರಿ, ಹದಿಮೂರು, ಹದಿನಾಲ್ಕನೆಯ ಶತಮಾನಗಳಲ್ಲಿ ನೆರೆ ನುಗ್ಗಿ ಆ ಗುಂಡಿಗಳು ತುಂಬಿಕೊಂಡವು. 1960ರಲ್ಲಿ ಈ ಸಂಶೋಧನೆ ಪುಸ್ತಕವಾಗಿ ಬಂತು.

ಮನುಷ್ಯನ ಕೈ ಸೋಕದ ನಿಸರ್ಗ ಎಂದು ಬೇಲಿ ಹಾಕಿ ಕಾಯಲು ಹೊರಡುವವರಿಗೆ ಇದು ದೊಡ್ಡ ಪಾಠ. ಕೆರೆಯೇ ಕೆಲಸದಿಂದ ಹುಟ್ಟಿದ್ದು. ಸುತ್ತಲ ಜೊಂಡು ಉಳಿದದ್ದೂ ಕೆಲಸದಿಂದಲೇ: ಮನೆಗೆ ಹೊದಿಸಲು ಚಳಿಗಾಲದಲ್ಲಿ ಜೊಂಡು ಕೊಯ್ಯುತ್ತಿದ್ದರು, ಕೊಯ್ಲು ನಿಂತಲ್ಲಿ ಪೊದೆ, ಮರ ಎದ್ದು ಜವುಗು ಒಣಗಿ ಕಾಡಾಯಿತು. ಬ್ರಿಟನ್ನಿನ ಅತಿ ದೊಡ್ಡ ಚಿಟ್ಟೆ ಸ್ವಾಲೋಟೇಲ್ ಆ ದೇಶದಲ್ಲಿ ಸಂತಾನ ಬೆಳೆಸುವುದು ಈ ಸೀಮೆಯಲ್ಲಿ ಮಾತ್ರ. ಅದರ ಹುಳು ತಿನ್ನುವ ಮಿಲ್ಕ್ ಪಾರ್ಸ್ಲಿ ಗಿಡ ಬೆಳೆಯುವುದು ಕೊಯ್ಲು ನಡೆಯುವ ತೆರೆದ ಜವುಗಿನಲ್ಲಿ. ಜೊಂಡಿನಲ್ಲಿ ಅಡಗಿ ಗುಂಯ್‌ಗುಡುವ ಬಿಟರ್ನ್ ಎಂಬ ಬಕ ಜಾತಿಯ ಹಕ್ಕಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬ್ರಿಟನ್ನಿನಲ್ಲಿ ಮರಿಮಾಡುವುದನ್ನೇ ಬಿಟ್ಟಿತ್ತು. 1911ರಲ್ಲಿ ಎಮ್ಮಾ ಟರ್ನರ್ ಎಂಬ ಛಾಯಾಗ್ರಾಹಕಿ, ಜಿಮ್ ವಿನ್ಸೆಂಟ್ ಎಂಬ ಕಾವಲುಗಾರರ ಜೊತೆ ಅದರ ಮರಿಯನ್ನು ಇಲ್ಲೇ ಕಂಡು ಚಿತ್ರ ತೆಗೆದರು. 1979ರಲ್ಲಿ ಕ್ರೌಂಚ ಹಕ್ಕಿಗಳೂ ತಾವಾಗಿ ಮರಳಿದವು.

ಹಾಳಾದದ್ದು ಎರಡನೆಯ ಮಹಾಯುದ್ಧದ ನಂತರ, ಬಹಳ ಬೇಗ. ಊರುಗಳ ಚರಂಡಿ ನೀರು ಮತ್ತು ಹೊಲದ ಗೊಬ್ಬರ ನದಿ ಸೇರಿ ರಂಜಕ ಹೆಚ್ಚಿತು. ಪಾಚಿ ಹಬ್ಬಿತು, ನೀರು ಹಸಿರು ಗಂಜಿಯಂತಾಯಿತು, ಬೆಳಕು ಸಿಗದೆ ತಳದ ಗಿಡಗಳು ಸತ್ತವು. ಗಿಡದ ಬೇರಿಲ್ಲದ ಕೆಸರು ಕದಡಿತು. ತುಪ್ಪಳಕ್ಕಾಗಿ ದಕ್ಷಿಣ ಅಮೆರಿಕದಿಂದ 1929ರಲ್ಲಿ ತಂದು ಸಾಕಿದ ಕೊಯ್ಪು ಎಂಬ ದೊಡ್ಡ ದಂಶಕ ಪ್ರಾಣಿ ತಪ್ಪಿಸಿಕೊಂಡು ಜೊಂಡನ್ನೇ ಮೇಯ್ದು ಮುಗಿಸುತ್ತಿತ್ತು. ಅದನ್ನು ಪೂರ್ತಿ ತೊಲಗಿಸುವ ಹೊತ್ತಿಗೆ 1989 ಆಗಿತ್ತು. ಇದರ ಮೇಲೆ ಬಾಡಿಗೆ ಮೋಟಾರು ದೋಣಿಗಳು ಸಾವಿರದ ಲೆಕ್ಕದಲ್ಲಿ ಬಂದವು. ಅವುಗಳ ಅಲೆ ದಡವನ್ನು ಕೊರೆಯಿತು. ಕೊರೆದ ದಡದ ಮಣ್ಣು ಮತ್ತೆ ಹೂಳಾಯಿತು.

ಮಕ್ಕಳ ಕಾದಂಬರಿಗಳ ಲೇಖಕ ಆರ್ಥರ್ ರ್‍ಯಾನ್ಸಮ್ ಇದನ್ನು ಮೊದಲೇ ಗುರುತಿಸಿದ್ದರು. 1934ರ ಅವರ 'ಕೂಟ್ ಕ್ಲಬ್' ಕಾದಂಬರಿಯಲ್ಲಿ ಮೋಟಾರು ದೋಣಿಯವರು ಹಕ್ಕಿಯ ಗೂಡಿಗೆ ಅಡ್ಡವಾಗಿ ದೋಣಿ ಕಟ್ಟುತ್ತಾರೆ, ಹೇಳಿದರೂ ಕೇಳುವುದಿಲ್ಲ. ಹುಡುಗನೊಬ್ಬ ರಹಸ್ಯವಾಗಿ ಹಗ್ಗ ಬಿಚ್ಚಿ ಆ ದೋಣಿಯನ್ನು ತೇಲಿಬಿಡುತ್ತಾನೆ. ಪುಸ್ತಕ ಓದಿ ಬೆಳೆದ ಎಷ್ಟೋ ಮಕ್ಕಳು ದೊಡ್ಡವರಾಗಿ ಈ ನೀರಿಗೆ ಹಾಯಿ ಹಿಡಿದು ಬಂದರು. ಆದರೆ ಸರ್ಕಾರದ ಕಣ್ಣು ತೆರೆಯಲು ಇನ್ನೂ ನಾಲ್ಕು ದಶಕ ಬೇಕಾಯಿತು.

1978ರಲ್ಲಿ ಮೊದಲ ಬ್ರಾಡ್ಸ್ ಪ್ರಾಧಿಕಾರ ಬಂತು. 1988ರ ಕಾಯ್ದೆಯಿಂದ ಅದಕ್ಕೆ ಹಲ್ಲು ಬಂದದ್ದು. ಆ ಕಾಯ್ದೆಯ ವಿಶೇಷವನ್ನು ನಮ್ಮವರು ಗಮನಿಸಬೇಕು. ಇಂಗ್ಲೆಂಡಿನ ಇತರ ರಾಷ್ಟ್ರೀಯ ಉದ್ಯಾನಗಳಲ್ಲಿ ಸಂರಕ್ಷಣೆಗೂ ಜನರ ವಿಹಾರಕ್ಕೂ ತಿಕ್ಕಾಟ ಬಂದರೆ ಸಂರಕ್ಷಣೆಯದೇ ಮೇಲುಗೈ. ಬ್ರಾಡ್ಸ್ ಕಾಯ್ದೆ ಸಂರಕ್ಷಣೆ, ವಿಹಾರ, ದೋಣಿ ಸಂಚಾರ ಈ ಮೂರನ್ನೂ ಒಂದೇ ಪ್ರಾಧಿಕಾರದ ಹೆಗಲಿಗೆ ಹಾಕಿ, ಯಾವುದನ್ನೂ ಇನ್ನೊಂದರ ಅಡಿಯಾಳು ಮಾಡಲಿಲ್ಲ. ದೋಣಿಯವರು ವರ್ಷಕ್ಕೊಮ್ಮೆ ಸುಂಕ ಕಟ್ಟುತ್ತಾರೆ. ಆ ಹಣ ಹೂಳೆತ್ತುವುದು, ಗುರುತುಕಂಬ ನೆಡುವುದು ಮುಂತಾದ ಸಂಚಾರದ ಕೆಲಸಕ್ಕೇ ಹೋಗಬೇಕು. ನದಿಯ ಆಯಾ ಭಾಗಕ್ಕೆ ತಕ್ಕಂತೆ ಗಂಟೆಗೆ ಮೂರರಿಂದ ಆರು ಮೈಲಿಯ ವೇಗಮಿತಿ ಇದೆ. ಹಾಯಿದೋಣಿ ಅಂಕುಡೊಂಕಾಗಿ ಬರುತ್ತಿದ್ದರೆ ಮೋಟಾರು ದೋಣಿ ದಾರಿ ಬಿಡಬೇಕು.

ನೀರಿಗೆ ಜೀವ ಬಂದದ್ದು ನಿಧಾನವಾಗಿ. ಚರಂಡಿ ಶುದ್ಧೀಕರಣ ಘಟಕಗಳಲ್ಲಿ ರಂಜಕ ತೆಗೆಯತೊಡಗಿದರು. ಆಂಟ್ ನದಿಯ ಬಾರ್ಟನ್ ಬ್ರಾಡ್‌ನಿಂದ 1990ರ ದಶಕದ ಕೊನೆಯ ವರ್ಷಗಳಲ್ಲಿ ಸುಮಾರು 3 ಲಕ್ಷ ಘನಮೀಟರ್ ಕೆಸರನ್ನು ಪಂಪಿನಿಂದ ಹೊರಹಾಕಿದರು. ಯಾರ್ಮತ್ ಹಿಂದಿನ ಹ್ಯಾಲ್ವರ್ಗೇಟ್ ಬಯಲನ್ನು ಬಸಿದು ಗೋಧಿ ಬಿತ್ತಲು 1980ರ ದಶಕದ ಆರಂಭದಲ್ಲಿ ರೈತರು ಹೊರಟಾಗ ದೊಡ್ಡ ಜಗಳವಾಯಿತು. ಕೊನೆಗೆ 1985ರಲ್ಲಿ ಉಳುವ ಬದಲು ದನ ಮೇಯಿಸುವುದನ್ನು ಮುಂದುವರಿಸಿದ ರೈತರಿಗೆ ಎಕರೆಗೆ ಇಂತಿಷ್ಟೆಂದು ಹಣ ಕೊಡುವ ಯೋಜನೆ ಬಂತು. ಎರಡೇ ವರ್ಷದಲ್ಲಿ ಅದು ದೇಶದ ಬೇರೆ ಕಡೆಗೂ ಹರಡಿದ ಪರಿಸರ ಕೃಷಿ ನೀತಿಗೆ ಮಾದರಿಯಾಯಿತು. ನಿಷೇಧಕ್ಕಿಂತ ರೈತನ ಲೆಕ್ಕಪುಸ್ತಕವನ್ನು ಅರ್ಥಮಾಡಿಕೊಂಡದ್ದು ಹೆಚ್ಚು ಕೆಲಸ ಮಾಡಿತು.

ಹಾಗೆಂದು ಅಲ್ಲಿ ಎಲ್ಲವೂ ಸರಿಹೋಗಿದೆ ಎನ್ನಲಾಗದು. ಹಿಕ್ಲಿಂಗ್‌ನಲ್ಲಿ ನೀರು ತಿಳಿಯಾದಾಗ 1990ರ ದಶಕದ ಕೊನೆಗೆ ತಳದಲ್ಲಿ ಕಲ್ಪಾಚಿ ಎಂಬ ಅಪರೂಪದ ನೀರುಗಿಡಗಳು ದಟ್ಟವಾಗಿ ಎದ್ದವು. ವಿಜ್ಞಾನಿಗಳಿಗೆ ಸಂತೋಷ. ಹಾಯಿದೋಣಿಯವರಿಗೆ ಚುಕ್ಕಾಣಿ, ಅಡಿಹಲಗೆಗೆಲ್ಲ ಗಿಡ ಸುತ್ತಿಕೊಂಡು ಸಾಗಲೇ ಆಗದ ಸ್ಥಿತಿ. ಗಿಡ ಕತ್ತರಿಸಬೇಕೆಂದು ಒಬ್ಬರು, ಮುಟ್ಟಬಾರದೆಂದು ಇನ್ನೊಬ್ಬರು. ಅಳತೆಗೋಲು ಎಂದ ದೋಣಿಯೇ ಇಲ್ಲಿ ಸಿಕ್ಕಿಕೊಂಡಿತಲ್ಲ ಎಂದು ಯಾರಾದರೂ ಕೇಳಬಹುದು, ಕೇಳಬೇಕು. ಉತ್ತರ ಅಲ್ಲಿನ ಪದ್ಧತಿಯಲ್ಲಿದೆ: ಗುರುತು ಮಾಡಿದ ದೋಣಿದಾರಿಯಲ್ಲಿ ಮಾತ್ರ ಕತ್ತರಿಸುವುದು, ಉಳಿದ ಕಡೆ ಬಿಡುವುದು. ಇಬ್ಬರಿಗೂ ಪೂರ್ತಿ ಸಮಾಧಾನವಿಲ್ಲ, ಆದರೆ ಇಬ್ಬರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಪ್ರಾಧಿಕಾರದ ಸದಸ್ಯರು ನೇಮಕಗೊಂಡವರೇ ಹೊರತು ಜನ ನೇರವಾಗಿ ಆರಿಸಿದವರಲ್ಲ ಎಂಬ ಸ್ಥಳೀಯರ ಅಸಮಾಧಾನ ನ್ಯಾಯವಾದದ್ದು. ಸಮುದ್ರಮಟ್ಟದ ಏರಿಕೆ ಎಲ್ಲಕ್ಕಿಂತ ದೊಡ್ಡ ಆತಂಕ. ಪಾಟರ್ ಹೈಯಮ್ ಗಮಾನಿನಡಿ ಹಿಂದೆ ಸಲೀಸಾಗಿ ನುಸುಳುತ್ತಿದ್ದ ಬಾಡಿಗೆ ದೋಣಿಗಳು ಈಗ ಎಷ್ಟೋ ದಿನ ಈಚೆಯೇ ಉಳಿಯುತ್ತವೆ.

ಜಗತ್ತಿನ ಮಹತ್ವದ ಜವುಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಬ್ರಾಡ್ಸ್ ಸೀಮೆ ಇದೆ; ಅದೇ ಪಟ್ಟಿಗೆ 2024ರಲ್ಲಿ ನಮ್ಮ ಅಘನಾಶಿನಿ ಅಳಿವೆಯೂ ಸೇರಿದೆ. ಒಂದೂ ಅಣೆಕಟ್ಟಿಲ್ಲದ ನದಿ, ಉಪ್ಪುನೀರನ್ನು ತಾಳುವ ಕಗ್ಗ ಭತ್ತದ ಗಜನಿ ಗದ್ದೆಗಳು, ಇಳಿತದಲ್ಲಿ ಬಳಚು ಹೆಕ್ಕುವ ಹೆಂಗಸರು, ಪಾತಿ ದೋಣಿಯ ಮೀನುಗಾರರು. ಇದೂ ಕೆಲಸದಿಂದ ಉಳಿದುಬಂದ ಜವುಗು. ಇತ್ತ 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಹೆಸರಿಸಿದೆ. ಶರಾವತಿ, ಕಾಳಿ, ನೇತ್ರಾವತಿ ಅದರಲ್ಲಿವೆ. ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿಯಲ್ಲಿ ಹೋಗಿ, ಅಲ್ಲಿಂದ ಘಟ್ಟ ಹತ್ತಿ ಜೋಗ ನೋಡುತ್ತಿದ್ದ ಕಾಲವೊಂದಿತ್ತು. ನದಿಗೆ ಮತ್ತೆ ದೋಣಿ ಬರುವುದಾದರೆ ಬರಲಿ, ಸಂತೋಷವೇ. ಪ್ರಶ್ನೆ ಇರುವುದು ಎಂಥ ದೋಣಿ, ಎಷ್ಟು ವೇಗ, ಯಾರ ನಿಯಮ ಎಂಬುದರಲ್ಲಿ.

ಸದ್ಯ ಒಂದೇ ಅಳಿವೆಯ ಮೇಲೆ ಬಂದರು, ಮೀನುಗಾರಿಕೆ, ಅರಣ್ಯ, ಪ್ರವಾಸೋದ್ಯಮ, ನೀರಾವರಿ ಇಲಾಖೆಗಳು ತಂತಮ್ಮ ಕಡತ ಹಿಡಿದಿವೆ. ಜೆಟ್ಟಿಗೆ ಒಬ್ಬರು ಅನುಮತಿ ಕೊಟ್ಟರೆ, ಅದರಿಂದ ಬಳಚಿನ ದಿಬ್ಬಕ್ಕೆ ಏನಾಯಿತೆಂದು ನೋಡುವ ಹೊಣೆ ಇನ್ನೊಬ್ಬರದು. ಅಘನಾಶಿನಿಗೆ, ಆಮೇಲೆ ಶರಾವತಿ, ಕಾಳಿಗಳಿಗೂ, ಈ ಹೊಣೆಗಳನ್ನೆಲ್ಲ ಒಟ್ಟುಗೂಡಿಸುವ ಒಂದೊಂದು ಅಳಿವೆ ಪ್ರಾಧಿಕಾರವನ್ನು ರಾಜ್ಯ ಸರ್ಕಾರ ಕಾಯ್ದೆಯ ಮೂಲಕ ರಚಿಸಬೇಕು. ಅದರಲ್ಲಿ ಪಾತಿ ದೋಣಿಯವರಿಗೆ, ಬಳಚು ಹೆಕ್ಕುವ ಹೆಂಗಸರಿಗೆ, ಗಜನಿ ರೈತರಿಗೆ ತಾವೇ ಆರಿಸಿದ ಪ್ರತಿನಿಧಿಗಳಿರಬೇಕು. ಬ್ರಾಡ್ಸ್ ಮಾಡದೆ ಬಿಟ್ಟದ್ದನ್ನು ಇಲ್ಲಿ ಮೊದಲೇ ಮಾಡಬಹುದು. ಪ್ರವಾಸಿ ದೋಣಿಗಳ ವೇಗಮಿತಿ, ಅವುಗಳ ಶೌಚದ ನೀರಿನ ವಿಲೇವಾರಿ, ಹುಟ್ಟು ಮತ್ತು ಹಾಯಿಯ ದೋಣಿಗೆ ದಾರಿ ಬಿಡುವ ನಿಯಮ ಮೊದಲ ಜೆಟ್ಟಿಯ ಟೆಂಡರಿಗಿಂತ ಮುಂಚೆ ಪ್ರಕಟವಾಗಬೇಕು. ಪ್ರವಾಸಿ ದೋಣಿಗಳಿಂದ ಬರುವ ಶುಲ್ಕ ಅದೇ ಅಳಿವೆಯ ಹೂಳು, ತೂಬು, ಗಜನಿ ಕಟ್ಟೆಗಳ ದುರಸ್ತಿಗೆ ಹೋಗಬೇಕು. ರಾಮ್ಸಾರ್ ತಾಣಕ್ಕೆ ನಿರ್ವಹಣಾ ಯೋಜನೆಯೊಂದನ್ನು ಹೇಗೂ ಬರೆಯಲೇಬೇಕು; ಇವನ್ನೆಲ್ಲ ಬರೆದಿಡಲು ಅದಕ್ಕಿಂತ ಒಳ್ಳೆಯ ಕಡತ ಸಿಗದು.